ಮಹಾದೇವಿಗೆ ಏನು ಬಂತು

ಮೊನ್ನೆ ಭಾನುವಾರ ನಮ್ಮ ಮನೆಯಲ್ಲಿ ಶೇಂಗಾ ಹೊತ್ತಿಹೋದವು. ಆ ವಾಸನೆ ಅಡುಗೆಮನೆ ದಾಟಿ, ಪಡಸಾಲೆ ದಾಟಿ ಓಣಿಗೆ ಹೋಗಿ, ಎದುರುಮನೆಯಾಕೆ "ಅಕ್ಕಾ, ಒಲಿ ಮ್ಯಾಲ ಏನರೇ ಇಟ್ಟು ಮರ್ತೀರೇನ್ರಿ?" ಎಂದು ಕೂಗುವವರೆಗೆ ನನಗೆ ಗೊತ್ತೇ ಆಗಲಿಲ್ಲ. ಅಷ್ಟೊಂದು ಮೈಮರೆಯುವಂಥದ್ದು ಏನಿತ್ತು ಅಂತ ನೀವು ಕೇಳಬಹುದು. ಅದಕ್ಕೆಲ್ಲ ಕಾರಣ ಒಂದು ಕ್ರಿಯಾಪದ.

ನನ್ನ ತಂಗಿಯ ಮಗಳು ಸುನೀತಾ ಯಾದಗಿರಿಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಾಳೆ. ನಾನೂ ಅದನ್ನೇ ಕಲಿಸಿ ನಿವೃತ್ತಳಾದವಳು. ಹಾಗಾಗಿ ರಜೆ ಬಂದಾಗ ಸುರಪುರದ ನಮ್ಮ ಮನೆಗೆ ಬಂದು, ದೊಡ್ಡವ್ವನ ಕೈಯ ಚಟ್ನಿಪುಡಿಯ ಜೊತೆಗೆ ದೊಡ್ಡವ್ವನ ಬುದ್ಧಿಯನ್ನೂ ಸ್ವಲ್ಪ ಕಟ್ಟಿಕೊಂಡು ಹೋಗುವುದು ಅವಳ ರೂಢಿ. ಈ ಸಲ ಬಂದಾಗ ಲ್ಯಾಪ್‌ಟಾಪಿನಿಂದ ತಲೆ ಎತ್ತಲೇ ಇಲ್ಲ. ಅವರ ಕಾಲೇಜಿಗೆ ತಪಾಸಣೆಯ ಸಮಿತಿ ಬರುವುದಿದೆಯಂತೆ. ಅಷ್ಟರೊಳಗೆ ಪ್ರತಿಯೊಂದು ಪತ್ರಿಕೆಗೂ 'ಕೋರ್ಸ್ ಔಟ್‌ಕಮ್' ಬರೆದಿಡಬೇಕು. ಅಂದರೆ ಆ ಪತ್ರಿಕೆ ಓದಿ ಮುಗಿಸಿದ ಮೇಲೆ ವಿದ್ಯಾರ್ಥಿಗೆ ಏನು ಮಾಡಲು ಬರಬೇಕು ಅನ್ನುವುದನ್ನು ಮೊದಲೇ ಹೇಳಿಬಿಡಬೇಕು. ಒಂದೊಂದು ಪಾಠಕ್ಕೂ ಅದರದರ ಫಲ, ಪಾಠಗಳೆಲ್ಲ ಕೂಡಿ ಪತ್ರಿಕೆಯ ಫಲ, ಪತ್ರಿಕೆಗಳೆಲ್ಲ ಕೂಡಿ ಪದವಿಯ ಫಲ. ಆಮೇಲೆ ಒಂದು ದೊಡ್ಡ ಕೋಷ್ಟಕ. ಪತ್ರಿಕೆಯ ಫಲಕ್ಕೂ ಪದವಿಯ ಫಲಕ್ಕೂ ನಂಟು ಗಟ್ಟಿಯಾಗಿದ್ದರೆ ಮೂರು, ನಡುವಿನದಾದರೆ ಎರಡು, ಹೆಸರಿಗಷ್ಟೇ ಇದ್ದರೆ ಒಂದು, ಇಲ್ಲವೇ ಇಲ್ಲದಿದ್ದರೆ ಒಂದು ಅಡ್ಡಗೆರೆ.

"ದೊಡ್ಡವ್ವಾ, 'ತಿಳಿದುಕೊಳ್ಳುವನು' ಅಂತ ಬರಿಯಂಗಿಲ್ಲ. ತಿಳಕೊಂಡದ್ದು ಕಣ್ಣಿಗೆ ಕಾಣಂಗಿಲ್ಲಂತ. ವಿವರಿಸಬಲ್ಲನು, ಹೋಲಿಸಬಲ್ಲನು, ಲೆಕ್ಕ ಹಾಕಬಲ್ಲನು... ಹಿಂಗ ಅಳತಿ ಮಾಡಾಕ ಬರೂವಂಥದ್ದು ಬೇಕು. ಅವಕಾಶ ವೆಚ್ಚಕ್ಕ ಯಾವುದು ಹಾಕ್ಲಿ?" ಎಂದು ಪಡಸಾಲೆಯಿಂದ ಕೇಳಿದಳು.

ನಾನು ಅಡುಗೆಮನೆಯಿಂದಲೇ ನನ್ನ ವಯಸ್ಸಿನವರೆಲ್ಲ ಹೇಳುವುದನ್ನೇ ಹೇಳಿದೆ. "ನಮ್ಮ ಕಾಲದಾಗ ಇವೆಲ್ಲ ಇರಲಿಲ್ಲವಾ ತಾಯಿ. ನಾವು ಪಾಠ ಮಾಡ್ತಿದ್ವಿ, ಹುಡುಗ್ರು ಕಲೀತಿದ್ರು. ಮುಗೀತು."

"ಕಲೀತಿದ್ರು ಅಂತ ನಿಮಗ ಹೆಂಗ ಗೊತ್ತಾಗ್ತಿತ್ತು?" ಎಂದಳು ಸುನೀತಾ. ಕೆಣಕಲು ಕೇಳಿದ್ದಲ್ಲ, ಪರದೆ ನೋಡುತ್ತಲೇ ಸುಮ್ಮನೆ ಕೇಳಿದ್ದು. ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಇದೇ ಪ್ರಶ್ನೆಯನ್ನು ಇದಕ್ಕಿಂತ ಮೊದಲು ಒಬ್ಬರು ನನಗೆ ಕೇಳಿದ್ದರು. ಶೇಂಗಾ ಹೊತ್ತಿದ್ದು ಆಗಲೇ.

ಕಾಲುವೆಗೆ ನೀರು ಬಂದು ಇನ್ನೂ ಕೆಲವೇ ವರ್ಷಗಳಾಗಿದ್ದ ಕಾಲ ಅದು. ನಾನು ಗುಲಬರ್ಗಾದಲ್ಲಿ ಎಂ.ಎ. ಮುಗಿಸಿ ಶಹಾಪುರದ ಕಾಲೇಜಿಗೆ ಹೊಸದಾಗಿ ಸೇರಿದ್ದೆ. ದಿನಾ ಬೆಳಿಗ್ಗೆ ಸುರಪುರದಿಂದ ಬಸ್ಸು. ಬಸ್ಸಿನ ನೆತ್ತಿಯ ಮೇಲೆ ಗೊಬ್ಬರದ ಚೀಲ, ಒಳಗೆ ನಮ್ಮಂಥ ನೌಕರರು, ಬಾಗಿಲಲ್ಲಿ ಜೋತುಬಿದ್ದ ವಿದ್ಯಾರ್ಥಿಗಳು. ಹತ್ತಿಗುಡೂರು ದಾಟಿದರೆ ಎರೆಹೊಲಗಳ ನಡುವೆ ಒಮ್ಮೆಗೇ ಹಸಿರು ಕಾಣಿಸುತ್ತಿತ್ತು. ಜೋಳ, ತೊಗರಿ, ಶೇಂಗಾ ಬಿಟ್ಟರೆ ಬೇರೆ ಗೊತ್ತಿಲ್ಲದ ನಮ್ಮ ಸೀಮೆಯ ಹೊಲದಲ್ಲಿ ನೀರು ನಿಂತಿದೆ, ಅದರಲ್ಲಿ ಹೆಂಗಸರು ಸಾಲಾಗಿ ಬಗ್ಗಿ ಭತ್ತ ನಾಟಿ ಮಾಡುತ್ತಿದ್ದಾರೆ! ಬಸ್ಸಿನಲ್ಲಿದ್ದ ಮುದುಕರು ದಿನವೂ ಕಂಡರೂ ದಿನವೂ ಕಿಟಕಿಗೆ ಬಗ್ಗಿ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ, ಸುಳ್ಳೇಕೆ ಹೇಳಲಿ.

ಆ ನೀರು ನಮ್ಮ ಕಾಲೇಜಿಗೂ ಬೇರೊಂದು ದಾರಿಯಿಂದ ಬಂದು ಮುಟ್ಟಿತ್ತು. ಕಾಲುವೆಗೆ ನೀರು ಬಿಟ್ಟರೆ ಎಲ್ಲರ ಹೊಲಕ್ಕೂ ಒಂದೇ ಸಲಕ್ಕೆ ನಾಟಿ. ಎಲ್ಲರಿಗೂ ಒಂದೇ ಸಲಕ್ಕೆ ಆಳು ಬೇಕು. ಆಳು ಎಲ್ಲಿಂದ ಬರಬೇಕು? ನಮ್ಮ ತರಗತಿಗಳಿಂದ ಬರುತ್ತಿದ್ದರು. ಬರ ಬಿದ್ದಾಗಲೂ ಹೇಗೋ ಕಾಲೇಜಿಗೆ ಬರುತ್ತಿದ್ದ ಹುಡುಗ ಹುಡುಗಿಯರು ನೀರು ಬಂದಮೇಲೆ ಕಾಣೆಯಾಗತೊಡಗಿದರು. ಹಾಜರಿ ಕೂಗುವಾಗ ಯಾರಾದರೂ "ನಾಟಿಗಿ ಹೋಗ್ಯಾಳ್ರಿ" ಅಂದರೆ ನಾವು ಮುಂದಿನ ಹೆಸರಿಗೆ ಹೋಗುತ್ತಿದ್ದೆವು.

ಹೋಗದೆ ಏನು ಮಾಡುವುದು? ನಮಗೆ ಪೋರ್ಷನ್ ಮುಗಿಸಬೇಕಿತ್ತು. ಸ್ಟಾಫ್ ರೂಮಿನಲ್ಲಿ ಅದೇ ನಮ್ಮ ಪಂದ್ಯ. ಯಾರು ಎಷ್ಟನೇ ಘಟಕದಲ್ಲಿದ್ದಾರೆ ಅನ್ನುವುದೇ ಮಾತು. ಇತಿಹಾಸದ ಮೇಷ್ಟ್ರು ಯಾವುದೋ ಒಂದು ರಾಜವಂಶದಲ್ಲಿ ಸಿಕ್ಕಿಕೊಂಡು ವರ್ಷವಿಡೀ ಹೊರಗೆ ಬರುತ್ತಿರಲಿಲ್ಲ. ನಾನೋ, ಆ ವರ್ಷ ಎರಡನೇ ಬಿ.ಎ.ಗೆ ಪಠ್ಯವನ್ನೆಲ್ಲ ಸಂಕ್ರಾಂತಿಯ ಹೊತ್ತಿಗೇ ಮುಗಿಸಿ, ಆ ಸಂತೋಷಕ್ಕೆ ಎಲ್ಲರಿಗೂ ಮಿರ್ಚಿ ಭಜಿ, ಮಂಡಕ್ಕಿ ಸುಸಲಾ ತಿನ್ನಿಸಿದೆ. ಆಗ ನನ್ನ ನಡಿಗೆ ನೋಡಬೇಕಿತ್ತು ನೀವು. ಸೀರೆಯ ನೆರಿಗೆ ಸಹ ಹೆಚ್ಚು ಶಿಸ್ತಾಗಿ ಬೀಳುತ್ತಿದ್ದವೇನೋ.

ಮಾನಪ್ಪ ಬಂದದ್ದು ಮಿರ್ಚಿ ತಿಂದ ಮರುದಿನವೋ ಅದರ ಮರುದಿನವೋ. ಸಗರದ ಹತ್ತಿರದ ಒಬ್ಬ ರೈತ, ಮಹಾದೇವಿಯ ಅಪ್ಪ. ಮಹಾದೇವಿ ಯಾರೆಂದು ನೆನೆಯಲು ನನಗೆ ತುಸು ಹೊತ್ತು ಬೇಕಾಯಿತು. ಹುಡುಗಿಯರ ಸಾಲಿನ ಕೊನೆಯ ಬೆಂಚು, ಕಿಟಕಿಯ ಕಡೆ, ಕೇಳಿದರೆ ಉತ್ತರ ಹೇಳುವ, ಕೇಳದಿದ್ದರೆ ವರ್ಷಗಟ್ಟಲೆ ಸುಮ್ಮನಿರಬಲ್ಲ ಹುಡುಗಿ. ಮೂರು ವಾರದಿಂದ ಬಂದಿರಲಿಲ್ಲ. ಮಾನಪ್ಪ ಚಪ್ಪಲಿ ಹೊರಗೆ ಬಿಟ್ಟು, ಹೆಗಲ ವಸ್ತ್ರ ಕೈಗೆ ತೆಗೆದುಕೊಂಡು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ.

"ಮೇಡಮ್ಮೋರ, ಮುಂದಿನ ವರ್ಷ ನಮ್ಮ ಹುಡುಗೀನ ಕಾಲೇಜ್ ಬಿಡಸಬೇಕಂತ ಮಾಡೀನ್ರಿ. ಬಿಡಸೂದಕಿಂತ ಮದ್ಲ ಒಂದು ಮಾತು ಕೇಳಿ ಹೋಗೋಣಂತ ಬಂದೆ. ನಿಮ್ಮ ಹತ್ರ ಕಲ್ಯಾಕತ್ತಿ ಇದು ಎರಡನೇ ವರ್ಷ. ಆಕಿಗೇನು ಬಂತ್ರಿ?"

ನನಗೆ ಖುಷಿಯೇ ಆಯಿತು. ಉತ್ತರ ತುದಿನಾಲಿಗೆಯಲ್ಲಿತ್ತು. "ಎಲ್ಲಾ ಮುಗಿಸೀನ್ರಿ. ಬೇಡಿಕೆ, ಪೂರೈಕೆ, ಉತ್ಪಾದನೆ, ವೆಚ್ಚ, ಮಾರುಕಟ್ಟೆ, ಏನೂ ಉಳಿಸಿಲ್ಲ."

"ನೀವು ಮುಗಿಸೀರಿ ಬಿಡ್ರಿ, ಅದು ನಿಮ್ಮ ಕೆಲಸ ಆತು. ನಾ ಕೇಳಾಕತ್ತಿದ್ದು ಆಕೀದು."

"ಹೋದ ವರ್ಷ ಮಾರ್ಕ್ಸ್ ಚೊಲೋ ಬಂದಾವಲ್ರಿ."

"ಮಾರ್ಕ್ಸ್ ಬಂದಾವ, ನಾನೂ ಕೇಳೀನಿ. ನಾ ಅನ್ನೂದು ಏನಂದ್ರ, ಮದ್ಲ ಬರಲಾರದ್ದು ಈಗೇನು ಬರ್ತದ ಆಕಿಗೆ? ರೊಟ್ಟಿ ಬಡಿಯೂದು ಮದ್ಲೇ ಬರ್ತಿತ್ತು. ನಾಟಿ ಹಚ್ಚೂದು ಬರ್ತಿತ್ತು. ಆಕಿ ಸಾಲಿನಾಗ ನಿಂತ್ರ ಉಳಿದ ಹೆಣ್ಮಕ್ಕಳ ಕೈನೂ ಓಡ್ತಾವ್ರಿ, ಅಂಥಾ ಕೈ ಆಕೀದು. ಆ ಕೈ ಬಿಟ್ಟು ನಾ ಇಲ್ಲಿಗೆ ಕಳಸ್ಬೇಕಂದ್ರ, ಏನ್ ಬರ್ತದಂತ ನನಗ ತಿಳೀಬ್ಯಾಡೇನ್ರಿ?"

ಅದರಲ್ಲಿ ಜಗಳ ಇರಲಿಲ್ಲ. ವ್ಯಂಗ್ಯವೂ ಇರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಜಗಳವಾಡಿದ್ದರೆ ಜಗಳವಾಡಬಹುದಿತ್ತು. ಬಾಯಿ ತೆರೆದೆ, ಮತ್ತೆ ಬೇಡಿಕೆ, ಪೂರೈಕೆ ಅಂತಲೇ ಹೊರಡುವುದಿತ್ತು, ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಪ್ರಿನ್ಸಿಪಾಲರು ಕರೆದರು.

ಅವರನ್ನು ಎಲ್ಲರೂ ಸಾಹೇಬರು ಅನ್ನುತ್ತಿದ್ದೆವು. ತಾವು ಉರ್ದು ಮಾಧ್ಯಮದಲ್ಲಿ ಓದಿ, ನಮ್ಮ ಹುಡುಗರಿಗೆ ಕನ್ನಡದಲ್ಲಿ ಗಣಿತ ಕಲಿಸುತ್ತಿದ್ದ ಎತ್ತರದ ಆಳು. ಮಾತು ಕಡಿಮೆ. ಅವರದೊಂದು ಪದ್ಧತಿ ಇತ್ತು, ಬೇರೆ ಯಾವ ಕಾಲೇಜಿನಲ್ಲೂ ನಾನು ಅದನ್ನು ಕಂಡಿಲ್ಲ. ವಾರ್ಷಿಕ ಪರೀಕ್ಷೆಗೆ ಮುಂಚೆ ಒಂದು ದಿನ 'ಮನಿಯವರ ದಿನ'. ಅಂದು ಬೆಂಚಿನ ಮೇಲೆ ತಾಯಿ, ತಂದೆ, ಅಜ್ಜಿ, ಕಾಕಾ ಕೂರಬೇಕು. ಮಕ್ಕಳು ಹಲಗೆಯ ಮುಂದೆ ನಿಂತು ಆ ವರ್ಷ ಕಲಿತದ್ದರಲ್ಲಿ ಏನಾದರೂ ಒಂದನ್ನು ಅವರಿಗೆ ಕಲಿಸಬೇಕು. ಮುಂದಿನ ಬೆಂಚಿನ ಜಾಣರಿಗೆ ಅಂದು ಕೆಲಸವಿಲ್ಲ, ಚಹಾ ಹಂಚುವುದಷ್ಟೇ. ಕಲಿಸುವವರೆಲ್ಲ ಹಿಂದಿನ ಬೆಂಚಿನವರು. ನಮಗೆ ಅಧ್ಯಾಪಕರಿಗೆ ಆ ದಿನವೆಂದರೆ ಒಳಗೊಳಗೇ ನಡುಕ. ಸಾಹೇಬರ ಹುಚ್ಚಾಟ ಅಂತ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವು.

"ಮಾನಪ್ಪ," ಎಂದರು ಸಾಹೇಬರು, "ನೀವು ಕೇಳಿದ್ದು ಬರೋಬ್ಬರಿ ಅದ. ಆದ್ರ ಜವಾಬು ಮೇಡಂ ಹತ್ರ ಇಲ್ಲ, ನನ್ನ ಹತ್ರನೂ ಇಲ್ಲ. ನಿಮ್ಮ ಹುಡುಗಿ ಹತ್ರ ಅದ. ನಾಟಿ ಮುಗದಮ್ಯಾಲ ಆಕೀನ ಕಳಸ್ರಿ. ಮನಿಯವರ ದಿನ ನೀವು ಬಂದು ಕುಂದರ್ರಿ. ಆಕಿ ನಿಮಗ ಕಲಸ್ತಾಳ. ಏನೂ ಬಂದಿಲ್ಲ ಅನ್ನಿಸ್ತಂದ್ರ ಬಿಡಸ್ರಿ, ನಾ ಒಂದು ಮಾತು ಅನ್ನಂಗಿಲ್ಲ."

"ನನಗ ಕಲಸ್ತಾಳೇನ್ರಿ?" ಮಾನಪ್ಪನಿಗೆ ನಗು ಬಂತು. "ಆತು ಬಿಡ್ರಿ, ನೋಡೋಣ."

ಅವನು ಹೋದ ಮೇಲೆ ಸಾಹೇಬರು ನನ್ನ ಕಡೆ ತಿರುಗಿದರು. "ಮೇಡಂ, ನಾರಾಯಣಪುರ ಡ್ಯಾಮಿನಾಗ ಗೇಟ್ ಎತ್ತಿದವ್ರನ್ನ ಕೇಳಿದ್ರ ನೀರು ಬಿಟ್ಟೀವಿ ಅಂತಾರ. ಅದು ಖರೇನೇ. ಕಾಲುವಿ ಕಡೀ ಹೊಲದವ ಏನಂತಾನ ಅದನ್ನೂ ಕೇಳಬೇಕಲ್ಲ? ನೀವು ಇನ್ನೂ ಗೇಟ್ ಹತ್ರ ನಿಂತು ಮಾತಾಡಾಕತ್ತೀರಿ."

ಸುರಪುರದವರೆಗೆ ಬಸ್ಸಿನಲ್ಲಿ ನಾನು ಮನಸ್ಸಿನಲ್ಲೇ ಅವರೊಂದಿಗೆ ವಾದ ಮಾಡಿದೆ. ಎಲ್ಲ ವಾದಗಳಲ್ಲೂ ನಾನೇ ಗೆದ್ದೆ. ಮನೆಗೆ ಬಂದು ಊಟಕ್ಕೆ ಕೂತಾಗ ಮಾತ್ರ ಮಾನಪ್ಪನ ಪ್ರಶ್ನೆ ಮತ್ತೆ ಎದುರಿಗೆ ಬಂದು ಕೂತಿತು.

ನಾಟಿ ಮುಗಿಸಿ ಮಹಾದೇವಿ ಬಂದಳು. ಬೆರಳ ಸಂದಿಗಳು ಕೆಸರು ತಿಂದು ಬಿಳುಚಿದ್ದವು. ಅವಳನ್ನು ಕೂರಿಸಿಕೊಂಡು, ವೆಚ್ಚ ಅಂದರೇನು, ಅವಕಾಶ ವೆಚ್ಚ ಅಂದರೇನು ಎಂದು ಕೇಳಿದೆ. ಪಟಪಟನೆ ಒಪ್ಪಿಸಿದಳು. ನಾನು ಬರೆಸಿದ ವಾಕ್ಯ, ನಾನು ಹಾಕಿಸಿದ ಅಲ್ಪವಿರಾಮ ಸಹ ಅವಳ ಉಸಿರಿನಲ್ಲಿ ಕೇಳಿಸಿತು. ನನಗೆ ಹಾಯೆನಿಸಿತು. ಆಮೇಲೆ ಏನೋ ತೋಚಿ ಕೇಳಿದೆ: "ಇದನ್ನ ನಿಮ್ಮಪ್ಪಗ ಹೇಳಿದ್ರ ತಿಳೀತದೇನು?"

ಮಹಾದೇವಿ ನನ್ನ ಮುಖ ನೋಡಿದಳು. "ನನಗೇ ತಿಳಿದಿಲ್ರಿ ಮೇಡಂ" ಎಂದಳು.

ಅಷ್ಟು ಸರಳವಾಗಿ ಹೇಳಿದಳು. ಎರಡು ವರ್ಷದಲ್ಲಿ ನಾನು ಅವಳನ್ನು ಈ ಪ್ರಶ್ನೆ ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ತರಗತಿಯ ಕೊನೆಗೆ "ತಿಳೀತಲ್ಲ?" ಎಂದು ನಾನು ಕೇಳುತ್ತಿದ್ದದ್ದು ಪುಸ್ತಕ ಮುಚ್ಚುತ್ತಾ. ಪುಸ್ತಕ ಮುಚ್ಚುತ್ತಿರುವವರಿಗೆ ತಿಳಿದಿಲ್ಲ ಅನ್ನುವ ಹುಡುಗಿ ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಅಂದಿನಿಂದ ನಾವಿಬ್ಬರೂ ಮಧ್ಯಾಹ್ನದ ಬಿಡುವಿನಲ್ಲಿ ಕಾಲೇಜಿನ ಹಿಂದಿನ ಬೇವಿನ ಮರದ ಕೆಳಗೆ ಕೂರತೊಡಗಿದೆವು. ಎದುರಿಗೆ, ಮಲಗಿದ ಬುದ್ಧನಂತೆ ಕಾಣುವ ಗುಡ್ಡ. ನನ್ನ ಪುಸ್ತಕದಲ್ಲಿದ್ದ ಉದಾಹರಣೆ ಬಂದೂಕು ಮತ್ತು ಬೆಣ್ಣೆಯದು. ಒಂದು ದೇಶ ಹೆಚ್ಚು ಬಂದೂಕು ಮಾಡಿದರೆ ಬೆಣ್ಣೆ ಕಡಿಮೆಯಾಗುತ್ತದೆ ಅಂತ. ಎಷ್ಟೋ ಸಲ ಹೇಳಿದೆ. ಮಹಾದೇವಿ ತಲೆಯಾಡಿಸಿದಳು. "ಬೆಣ್ಣಿ ಮಾಡೋರು ಬಂದೂಕು ಯಾಕ್ ಮಾಡ್ತಾರ್ರಿ?" ಎಂದು ಕೊನೆಗೊಮ್ಮೆ ಕೇಳಿಬಿಟ್ಟಳು. ನನಗೆ ನಗು ಬಂತು, ಪುಸ್ತಕ ಪಕ್ಕಕ್ಕಿಟ್ಟೆ. "ಬಿಡು, ನಿಮ್ಮ ಮನಿಯಾಗ ಈ ವರ್ಷ ಏನೇನು ನಡದದ ಹೇಳು" ಅಂದೆ.

ಅವಳು ಹೇಳುತ್ತಾ ಹೋದಳು. ನೆಲ್ಲಿನ, ಅಂದರೆ ಭತ್ತದ, ಸಸಿ, ಗೊಬ್ಬರದ ಅಂಗಡಿ, ಆಂಧ್ರದ ಕಡೆಯಿಂದ ಬಂದು ಕ್ಯಾಂಪ್ ಹಾಕಿದವರು ಕಲಿಸಿದ ಬೇಸಾಯ, ಅವ್ವನಿಗೆ ಕೆಸರು ನೀರಿನಿಂದ ಕಾಲು ಹುಣ್ಣಾದದ್ದು. ಹೇಳುತ್ತಾ ಒಂದು ಕಡೆ ನಿಂತಳು. "ಮೇಡಂ, ನಮ್ಮವ್ವ ಈ ವರ್ಷ ರೊಟ್ಟಿಗೆ ಜೋಳ ಕೊಳ್ಳಾಕತ್ಯಾಳ್ರಿ. ನಾವು ಎಂದೂ ಕೊಂಡವ್ರಲ್ಲ. ಅದು... ಅದು ಇದರಾಗ ಬರ್ತದೇನ್ರಿ?"

ನೀವು ಯಾವತ್ತಾದರೂ ಪಾಠ ಮಾಡಿದ್ದರೆ ಆ ಕ್ಷಣ ನಿಮಗೆ ಗೊತ್ತಿರುತ್ತದೆ. ನಾಲಿಗೆ ತುರಿಸುತ್ತದೆ. ವಿವರಿಸಿ, ಬರೆಸಿ, ಅಂಡರ್‌ಲೈನ್ ಮಾಡಿಸಿಬಿಡುವ ಆಸೆ. ನಾನು ಸೆರಗಿನ ಚುಂಗು ಬಾಯಿಗೆ ಹಿಡಿದು ಸುಮ್ಮನೆ ಕೂತೆ. ಮಹಾದೇವಿ ಗುಡ್ಡದ ಕಡೆ ನೋಡುತ್ತಾ ತಾನೇ ಮುಂದಕ್ಕೆ ಹೋದಳು. ಅಂದು ಸಂಜೆಯ ಬಸ್ಸಿನಲ್ಲಿ ನಾನು ಯಾರೊಂದಿಗೂ ವಾದ ಮಾಡಲಿಲ್ಲ.

ಮನಿಯವರ ದಿನ ಬಂತು. ದೊಡ್ಡ ಕೋಣೆಯ ಬೆಂಚುಗಳ ಮೇಲೆ ರುಮಾಲು, ಸೆರಗು, ಟೋಪಿಗಳು. ಒಬ್ಬ ಹುಡುಗ ತನ್ನ ಅಜ್ಜಿಗೆ ಗ್ರಹಣ ಹೇಗಾಗುತ್ತದೆಂದು ಕಲಿಸಲು ಹೋಗಿ, ಸೂರ್ಯನ ಪಾತ್ರಕ್ಕೆ ಅಜ್ಜಿಯನ್ನೇ ನಿಲ್ಲಿಸಿದ. ಅವಳು "ನನ್ನ ಸುತ್ತ ತಿರಗಬ್ಯಾಡೋ, ತಲಿ ತಿರಗತಾದ" ಎಂದು ಕೂತುಬಿಟ್ಟಳು. ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಮುಂದಿನ ಪಾಳಿ ಮಹಾದೇವಿಯದು.

ಅವಳು ಸೀಮೆಸುಣ್ಣ ಮುಟ್ಟಲಿಲ್ಲ. ಅಪ್ಪನ ಬೆಂಚಿನ ಎದುರು ನಿಂತು ಕೇಳಿದಳು, "ಅಪ್ಪಾ, ಈ ವರ್ಷ ನೆಲ್ಲಿಗೆ ಏನೇನು ಖರ್ಚು ಬಂತು ಹೇಳು."

ಮಾನಪ್ಪ ಬೆರಳು ಮಡಚಿದ. "ಬೀಜ, ಗೊಬ್ಬರ, ಹುಳದ ಎಣ್ಣಿ ಹೊಡೆಯೂದು, ಟ್ರಾಕ್ಟರ್, ನಾಟಿ ಕೂಲಿ, ಕೊಯ್ಯೂ ಕೂಲಿ."

"ಇನ್ನೇನರೇ ಉಳದದೇನು?"

"ಏನೂ ಉಳದಿಲ್ಲ."

"ಆ ಹೊಲದಾಗ ಮದ್ಲ ಏನ್ ಬೆಳೀತಿದ್ದಿ?"

"ಬಿಳಿಜೋಳ."

"ಈ ವರ್ಷ ರೊಟ್ಟಿಗೆ ಜೋಳ ಎಲ್ಲಿಂದ ಬಂತು?"

"ಬಜಾರದಿಂದ."

"ಎತ್ತಿಗೆ ಕಣಿಕಿ?"

ಮಾನಪ್ಪನ ಮಡಚಿದ ಬೆರಳು ಹಾಗೇ ನಿಂತವು. ಜೋಳವಿಲ್ಲದಿದ್ದರೆ ಜೋಳದ ದಂಟಿನ ಮೇವೂ ಇಲ್ಲ. ಅದನ್ನೂ ಅವನು ಆ ವರ್ಷ ಕೊಂಡು ತಂದಿದ್ದ. ಕೋಣೆಯಲ್ಲಿದ್ದ ಮುಕ್ಕಾಲು ಮಂದಿ ತಂದಿದ್ದರು.

"ಆ ಜೋಳ, ಆ ಕಣಿಕಿ ಬಿಟ್ಟು ನೆಲ್ಲು ಹಿಡದಿಯಪ್ಪಾ. ಹಿಡಿದದ್ದಕ್ಕ ಏನ್ ಬಿಟ್ಟೆವೋ ಅದೂ ಖರ್ಚೇ. ಕೈಯಿಂದ ರೊಕ್ಕ ಎಣಿಸಿ ಕೊಡಲಾರದ್ದಕ್ಕ ಅದು ಲೆಕ್ಕಕ್ಕ ಬರಂಗಿಲ್ಲ. ಪುಸ್ತಕದಾಗ ಅದಕ್ಕ ಅವಕಾಶ ವೆಚ್ಚ ಅಂತಾರ."

"ಅಂದ್ರ ನೆಲ್ಲು ಬ್ಯಾಡಂತೀಯೇನು?"

"ಬ್ಯಾಡ ಅನ್ನಂಗಿಲ್ಲ. ನೆಲ್ಲೇ ಚೊಲೋ ಇರಬಹುದು. ಬಿಟ್ಟದ್ದನ್ನೂ ಹಿಡಿದು ಲೆಕ್ಕ ಮಾಡು ಅಂತೀನಿ."

ಹಿಂದಿನ ಬೆಂಚಿನಿಂದ ಯಾರೋ "ಹೌದಲ್ಲೋ ಮಾನಪ್ಪ, ಖರೇ ಅದ" ಎಂದರು. ಕಲಿಸಿಬಿಟ್ಟಳು ಹುಡುಗಿ! ಮಾನಪ್ಪ ಮಾತ್ರ ಮತ್ತೆ ಬೆರಳು ಮಡಚತೊಡಗಿದ್ದ.

"ಹಂಗಾದ್ರ ಮಹಾದೇವಿ, ನಿನ್ನ ಕಾಲೇಜಿಗೂ ಅಂಥಾ ಖರ್ಚು ಅದ. ನಾ ಬರೇ ಫೀಸು, ಬಸ್ಸಿನ ಪಾಸು ಹಿಡಿದಿದ್ದೆ. ನೀ ಇಲ್ಲಿ ಕುಂತ್ರ ಅಲ್ಲಿ ನಾಟಿ ಹೋಗ್ತದ. ಅದನ್ನೂ ಹಿಡೀಬೇಕಲ್ಲ?"

ನನ್ನ ವೃತ್ತಿಯಲ್ಲಿ ಅವಕಾಶ ವೆಚ್ಚವನ್ನು ಅಷ್ಟು ಬೇಗ, ಅಷ್ಟು ಚೆನ್ನಾಗಿ ಕಲಿತವರನ್ನು ನಾನು ಮುಂದೆಯೂ ಕಾಣಲಿಲ್ಲ, ಹಿಂದೆಯೂ ಕಂಡಿರಲಿಲ್ಲ. ಕಲಿತವನು ಕಲಿತದ್ದರಿಂದಲೇ ಹುಡುಗಿಯನ್ನು ಮನೆಗೆ ಕರೆದುಕೊಂಡು ಹೋಗಲು ಹೊರಟಿದ್ದ. ನಾನು ಎದ್ದು ಏನಾದರೂ ಹೇಳಬೇಕೆಂದು ಸಾಹೇಬರ ಕಡೆ ನೋಡಿದೆ. ಅವರು ಕಣ್ಣಿನಲ್ಲೇ ಕುಂದರ್ರಿ ಅಂದರು.

ಮಹಾದೇವಿ ಹಿಂದೆ ಸರಿಯಲಿಲ್ಲ. "ಹಿಡೀಬೇಕಪ್ಪಾ. ಪೂರಾ ಹಿಡಿ. ನಾನಿಲ್ಲಂದ್ರ ಅವ್ವಗ ತ್ರಾಸ ಆಗ್ತದ, ಅದನ್ನೂ ಹಿಡಿ. ಹಂಗೇ ಈ ಕಡೀನೂ ಹಿಡಿ. ನಾಟಿಗೆ ಬಂದ್ರ ಕಾಲೇಜು ಹೋಗ್ತದ. ಅದರ ಖರ್ಚೆಷ್ಟು ಅಂತ ನಾ ಹೇಳಂಗಿಲ್ಲ. ನಾ ಹೇಳಿದ್ರ ನನ್ನ ಕಡೀನೇ ಹೇಳ್ತೀನಿ. ಎರಡೂ ಇಟ್ಟು ನೀನೇ ನೋಡು."

ಸಾಹೇಬರು ಎದ್ದರು. "ಮಾನಪ್ಪ, ನಿಮಗ ತಿಳೀತೋ ಇಲ್ಲೋ?"

"ತಿಳೀತ್ರಿ ಸಾಹೇಬ್ರ. ತಿಳದದ್ದಕ್ಕೇ ತ್ರಾಸ ಆಗ್ಯಾದ," ಎಂದ ಮಾನಪ್ಪ. "ಈ ಹಿಸಾಬು ಇಲ್ಲೇ ಆಗೂದಲ್ಲ. ಮನಿಗಿ ಹೋಗಿ ಮಾಡ್ಬೇಕು."

ಅಷ್ಟು ಹೇಳಿ ಚಹಾ ಕುಡಿದು ಹೋದ. ಪರೀಕ್ಷೆ ಮುಗಿಯಿತು, ಬೇಸಿಗೆ ರಜೆ ಬಂತು. ಸುರಪುರದ ಬಿಸಿಲಲ್ಲಿ ಮಾವಿನಕಾಯಿ ಹೆಚ್ಚುವಾಗಲೂ, ಹಪ್ಪಳ ಒಣಹಾಕುವಾಗಲೂ ಆ ತಂದೆ ಎಲ್ಲೋ ಕೂತು ಬೆರಳು ಮಡಚುತ್ತಿರುವಂತೆ ಅನ್ನಿಸುತ್ತಿತ್ತು. ಮಹಾದೇವಿ ಮೂರನೇ ವರ್ಷಕ್ಕೆ ಬರುತ್ತಾಳೋ ಇಲ್ಲವೋ ಅನ್ನುವುದು ನನಗೆ ಸ್ವಂತ ಮಗಳ ಸುದ್ದಿಯಷ್ಟೇ ಆತಂಕವಾಗಿತ್ತು. ಪೋರ್ಷನ್ ಮುಗಿಸಿದ ಯಾವ ವರ್ಷವೂ ನನಗೆ ಅಂಥ ಆತಂಕ ಆಗಿರಲಿಲ್ಲ.

ಜೂನಿನಲ್ಲಿ ಪ್ರವೇಶ ಶುರುವಾದ ವಾರ, ಕಾಲೇಜಿನ ಮೆಟ್ಟಿಲ ಮೇಲೆ ಅವರಿಬ್ಬರೂ ಕೂತಿದ್ದರು. ನನ್ನನ್ನು ಕಂಡು ಮಾನಪ್ಪ ಎದ್ದು ನಿಂತ.

"ಹೆಸರು ಹಚ್ಚಾಕ ಬಂದೀವ್ರಿ ಮೇಡಮ್ಮೋರ. ಭಾಳ ವಿಚಾರ ಮಾಡ್ದೆ. ನಾಟಿಗಿ ಮಂದಿ, ಹುಡಿಕಿದ್ರ ಸಿಗ್ತಾರ. ನನ್ನ ಎದುರು ನಿಂತು, ನನ್ನ ಹಿಸಾಬಿನಾಗ ನಾ ಏನ್ ಬಿಟ್ಟೀನಿ ಅಂತ ತೋರ್ಸೋರು ನಮ್ಮ ಮನಿಯಾಗ ಮತ್ಯಾರದಾರ್ರಿ? ಅಂಥಾಕೀನ ಪೂರಾ ತಯಾರ ಆಗೂದಕಿಂತ ಮದ್ಲೇ ಬಿಡಸಿದ್ರ ಲುಕ್ಸಾನ ನಂದೇ." ಆಮೇಲೆ ದನಿ ತಗ್ಗಿಸಿ, "ಆದ್ರ ನಾಟಿ ದಿನ ಆಕಿ ಹೊಲಕ್ಕ ಬರಾಕೇಬೇಕು. ನೀವು ಹಾಜರಿ ತಕರಾರು ತಗೀಬಾರ್ದು. ಅದು ನನ್ನ ಕಡೀ ಲೆಕ್ಕ."

ನಾನು ಒಪ್ಪಿಕೊಂಡೆ. ಒಪ್ಪಿಕೊಂಡು ಅತ್ತ ತಿರುಗಿ ಕಣ್ಣೊರೆಸಿಕೊಂಡೆ. ಆ ವರ್ಷ ಮೇಲಿನ ಹೊಲದಲ್ಲಿ ಅವರು ಮತ್ತೆ ಜೋಳ ಬಿತ್ತಿದರು. ನಾಟಿಯ ವಾರಗಳಲ್ಲಿ ತಪ್ಪಿದ ಪಾಠಗಳನ್ನು ಅದೇ ಬೇವಿನ ಮರದ ಕೆಳಗೆ ನಾನು ಮತ್ತೆ ಮಾಡಿದೆ. ಅವಳೊಬ್ಬಳಿಗೇ ಅಂತ ಶುರುವಾದದ್ದು, ನಾಟಿಗೆ ಹೋಗಿ ಬಂದವರೆಲ್ಲ ಸೇರಿ ಒಂದು ತರಗತಿಯೇ ಆಯಿತು. ಸ್ಟಾಫ್ ರೂಮಿನ ಪಂದ್ಯದಲ್ಲಿ ನಾನು ಆಮೇಲೆ ಎಂದೂ ಮೊದಲು ಬರಲಿಲ್ಲ. ಇತಿಹಾಸದ ಮೇಷ್ಟ್ರಿಗೆ ಜೊತೆ ಸಿಕ್ಕಿತು.

ಇಷ್ಟನ್ನೂ ಸುನೀತಾಗೆ ಹೇಳಿ ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅವಳು ಕೇಳುತ್ತಲೇ ಕೋಷ್ಟಕ ತುಂಬಿ ಕೊನೆಯ ಸಾಲಿಗೆ ಬಂದಿದ್ದಳು. "ದೊಡ್ಡವ್ವಾ, ಪದವಿಯ ಫಲದಾಗ ಇದೊಂದು ಉಳದದ ನೋಡ್ರಿ, 'ಜೀವನಪರ್ಯಂತ ಕಲಿಕೆ'. ಒಂದು ಪತ್ರಿಕೆ ಓದಿದ್ರ ಅದು ಬರ್ತದಂತ ಹೆಂಗ ಬರೀಲಿ? ಎಲ್ಲಾರೂ ಅಡ್ಡಗೆರಿ ಹಾಕ್ಯಾರ. ನಾನೂ ಹಾಕಿಬಿಡ್ತೀನಿ."

"ಮೂರು ಹಾಕು" ಅಂದೆ ನಾನು. ಬೆಳಿಗ್ಗೆಯಷ್ಟೇ ಇವೆಲ್ಲ ನಮಗಿರಲಿಲ್ಲ ಎಂದು ಹೇಳಿದ ಬಾಯಿ ಇದೇ.

"ಪುರಾವೆ ಕೇಳ್ತಾರ."

ಆಗ ಅವಳಿಗೆ ಉಳಿದದ್ದನ್ನೂ ಹೇಳಿದೆ. ಮಹಾದೇವಿ ಮೂರನೇ ವರ್ಷದಲ್ಲಿದ್ದಾಗ ಮನಿಯವರ ದಿನದ ಪಾಳಿ ಅವಳದಿರಲಿಲ್ಲ, ಬೇರೆಯವರದಿತ್ತು. ಆದರೂ ಮಾನಪ್ಪ ಬಂದಿದ್ದ. ಒಗೆದ ಅಂಗಿ ತೊಟ್ಟು, ಎಲ್ಲರಿಗಿಂತ ಮೊದಲೇ ಬಂದು, ಹಿಂದಿನ ಬೆಂಚಿನಲ್ಲಿ ಕೂತಿದ್ದ. "ಮಾನಪ್ಪ, ಈ ಸಲ ನಿಮ್ಮ ಹುಡುಗಿ ಪಾಳಿ ಇಲ್ಲಲ್ಲ?" ಎಂದು ಸಾಹೇಬರು ಕೇಳಿದರು.

"ಗೊತ್ತದರಿ. ಹೋದ ವರ್ಷದ್ದು ನನಗ ಬಂತು. ಈ ವರ್ಷದ್ದು ಏನದ ಅಂತ ಕೇಳಾಕ ಬಂದೀನ್ರಿ" ಎಂದಿದ್ದ ಮಾನಪ್ಪ.

ಸುನೀತಾ ಅಡ್ಡಗೆರೆ ಬಿಟ್ಟು ಮೂರು ಹಾಕಿದಳು. ಆಮೇಲೆ ಲ್ಯಾಪ್‌ಟಾಪ್ ಮುಚ್ಚಿದಳು.

"ದೊಡ್ಡವ್ವಾ," ಎಂದಳು, "ನನ್ನ ಕ್ಲಾಸಿನಾಗ ಕಡೀ ಬೆಂಚಿನಾಗ ಒಬ್ಬ ಹುಡುಗಿ ಕುಂದರ್ತಾಳ. ದಿನಾ ಬರ್ತಾಳ. ಆಕಿ ಹೆಸರು ನನಗಿನ್ನೂ ಗೊತ್ತಿಲ್ಲ."